ಮೂರನೇ ವಾರದಲ್ಲಿ ಏನಾಯಿತು, ಅದನ್ನು ಬರೆಯಿರಿ

ನಮಸ್ಕಾರ,

ಗಿಡ ನೆಟ್ಟ ಅಕ್ವೇರಿಯಂಗೆ ಮನೆಯಲ್ಲೇ ಎಲ್‌ಇಡಿ ದೀಪ ಕಟ್ಟಿಕೊಳ್ಳುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಐದನೇ ಪುಟದ ಮಾತು. ವ್ಯಾಲಿಸ್ನೇರಿಯಾ ಎಂಬ ನೀರುಗಿಡದ ಎಲೆಯ ತುದಿ ಕತ್ತರಿಸಿದಿರಿ. ಹೊಸ ದೀಪದ ಕೆಳಗೆ ಆ ಗಾಯದಿಂದ ಸೂಜಿಮೊನೆಯಷ್ಟು ಗುಳ್ಳೆಗಳು ಒಂದರ ಹಿಂದೊಂದು ಮೇಲೇರಿದವು, ಮಗಳು ಎಣಿಸುತ್ತಾ ಕೂತಳು. ಇದನ್ನು ಓದಿ ನಾನು ಎದ್ದು ಹೋಗಿ ನನ್ನ ಟ್ಯಾಂಕ್ ನೋಡಿ ಬಂದೆ. ಬೆಳಕು ಎಲೆಯೊಳಗೆ ಮಾಡುವ ಕೆಲಸ ಅಲ್ಲಿ ಕಣ್ಣಿಗೆ ಕಾಣುತ್ತದೆ. ಅಂಥದ್ದು ಕೈಯಲ್ಲಿರುವಾಗ “ಇಂದಿನ ಒತ್ತಡದ ಬದುಕಿನಲ್ಲಿ ಅಕ್ವೇರಿಯಂ ಮನಸ್ಸಿಗೆ ಮುದ ನೀಡುತ್ತದೆ” ಎಂದು ಯಾಕೆ ಶುರು ಮಾಡಿದಿರಿ? ಮೊದಲ ಒಂದೂವರೆ ಪುಟ ತೆಗೆದುಬಿಡಿ. ಗುಳ್ಳೆಯಿಂದಲೇ ಆರಂಭಿಸಿ.

ನನ್ನ ಮನೆಯಲ್ಲೂ ಎರಡಡಿಯ ಟ್ಯಾಂಕ್ ಇದೆ. ಹೋದ ಭಾನುವಾರ ನಿಮ್ಮ ಲೇಖನ ಎದುರಿಗಿಟ್ಟುಕೊಂಡು, ಅದು ಹೇಳಿದಂತೆಯೇ ಮಾಡಲು ಕೂತೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ 3 ವ್ಯಾಟ್‌ನ ಸ್ಟಾರ್ ಎಲ್‌ಇಡಿಗಳು, ಎಲ್‌ಇಡಿಯ ಶಾಖ ಹೀರಿ ಹೊರಬಿಡುವ ಅಂಗೈ ಅಗಲದ ಅಲ್ಯೂಮಿನಿಯಂ ಹೀಟ್ ಸಿಂಕ್, 25 ವ್ಯಾಟ್‌ನ ಸೋಲ್ಡರಿಂಗ್ ಐರನ್. “ಥರ್ಮಲ್ ಪೇಸ್ಟ್ ಹಚ್ಚಿ ಎಲ್‌ಇಡಿಗಳನ್ನು ಹೀಟ್ ಸಿಂಕ್‌ಗೆ ಕೂರಿಸಿ, ಬಳಿಕ ತಂತಿ ಬೆಸೆಯಿರಿ” ಎಂದಿದ್ದೀರಿ. ಬೆಸೆಯಲು ಹೋದರೆ ಸೋಲ್ಡರ್ ಹರಡಲೇ ಇಲ್ಲ. ಎಲ್‌ಇಡಿಯಲ್ಲಿ ತಂತಿ ಬೆಸೆಯುವ ಜಾಗವಾದ ಪ್ಯಾಡಿನ ಮೇಲೆ ಮಣಿಯಂತೆ ಉರುಟಾಗಿ ನಿಂತಿತು, ತಂತಿ ಮುಟ್ಟಿದ ಕೂಡಲೇ ಕಿತ್ತು ಬಂತು. ಐರನ್ನಿನ ಶಾಖವನ್ನೆಲ್ಲ ಅಲ್ಯೂಮಿನಿಯಂ ಹೀರಿಕೊಳ್ಳುತ್ತಿತ್ತು. ಎಲ್‌ಇಡಿ ಬಿಡಿಯಾಗಿರುವಾಗಲೇ ಮರದ ಹಲಗೆಯ ಮೇಲಿಟ್ಟು, ಪ್ಯಾಡಿಗೆ ಮೊದಲು ಸೋಲ್ಡರ್ ಹತ್ತಿಸಿ, ತಂತಿ ಬೆಸೆದು, ಆಮೇಲೆ ಕೂರಿಸಿದರೆ ಕ್ಷಣದ ಕೆಲಸ. ನೀವೂ ಹಾಗೇ ಮಾಡಿದ್ದೀರಿ. ನಿಮ್ಮ ಫೋಟೋದಲ್ಲಿ ಬೆಸುಗೆ ಸಪಾಟಾಗಿ ಹರಡಿ ಹೊಳೆಯುತ್ತಿದೆ. ಕೈ ಮಾಡಿದ್ದು ಒಂದು, ಬರಹ ಹೇಳಿದ್ದು ಇನ್ನೊಂದು. ಎಲ್ಲಿಂದಲೋ ಓದಿದ ಕ್ರಮವನ್ನು ನಿಮ್ಮ ಕೈಯ ಅನುಭವದ ಮೇಲೆ ಅಂಟಿಸಿದ್ದೀರಿ, ಲೇಖನದ ದೊಡ್ಡ ದೋಷ ಇದೇ.

ಇದೇ ದೋಷ ಕರೆಂಟಿನ ವಿಷಯದಲ್ಲಿ ಅಪಾಯಕ್ಕೆ ತಿರುಗುತ್ತದೆ. ಹನ್ನೆರಡು ಎಲ್‌ಇಡಿಗಳನ್ನು ಮೂರು ಮೂರರ ನಾಲ್ಕು ಸರಣಿ ಮಾಡಿ 12 ವೋಲ್ಟ್ ಅಡಾಪ್ಟರ್‌ಗೆ ನೇರ ಜೋಡಿಸಿ ಎಂದಿದ್ದೀರಿ. ಲೆಕ್ಕ ಹಾಕಿ ನೋಡಿ: ಒಂದೊಂದಕ್ಕೆ 4 ವೋಲ್ಟ್ ಸಿಗುತ್ತದೆ. ಬಿಳಿ ಎಲ್‌ಇಡಿಗೆ 700 ಮಿಲಿ ಆಂಪಿಯರ್‌ನಲ್ಲಿ ಬೇಕಾದ್ದು ಸುಮಾರು 3.2. ಜೊತೆಗೆ ಎಲ್‌ಇಡಿ ಬಿಸಿಯಾದಷ್ಟೂ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತದೆ, ಒಂದೇ ವೋಲ್ಟೇಜ್ ಕೊಡುವ ಅಡಾಪ್ಟರ್‌ನಿಂದ ಕರೆಂಟ್ ಏರುತ್ತದೆ, ಅದರಿಂದ ಇನ್ನಷ್ಟು ಬಿಸಿ. ನೀವು “ಎರಡು ಎಲ್‌ಇಡಿ ಸುಟ್ಟವು, ಬಹುಶಃ ಕಳಪೆ ಮಾಲು” ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಮಾಲಿನ ತಪ್ಪಲ್ಲ ಅದು. ಹನ್ನೆರಡನ್ನೂ ಒಂದೇ ಸರಣಿಯಲ್ಲಿಟ್ಟು, ಸುಮಾರು 40 ವೋಲ್ಟ್‌ವರೆಗೆ ಕೊಡಬಲ್ಲ, ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ 700 ಮಿಲಿ ಆಂಪಿಯರ್‌ನ ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ ಹಾಕಬೇಕಿತ್ತು. ಕಡೆಗೆ ನೀವು ಏನು ಹಾಕಿದಿರಿ? ದೀಪ ಎಂಟು ತಿಂಗಳಿಂದ ಉರಿಯುತ್ತಿದೆ ಎನ್ನುತ್ತೀರಿ, ಅಂದರೆ ಏನೋ ಬದಲಿಸಿದ್ದೀರಿ. ಅದನ್ನು ಹೇಳಿ.

ನೆನಪಿರಲಿ, ನಿಮ್ಮ ಮಾತು ನಂಬಿದ ಓದುಗ ಈ ದೀಪದ ಕೆಳಗೆ ನೀರಿನಲ್ಲಿ ಕೈ ಅದ್ದುತ್ತಾನೆ. ಆದ್ದರಿಂದ ಡ್ರೈವರ್ 230 ವೋಲ್ಟ್‌ನಿಂದ ಪೂರ್ತಿ ಬೇರ್ಪಟ್ಟ ಐಸೊಲೇಟೆಡ್ ಮಾದರಿಯದ್ದಿರಬೇಕು. ಅಗ್ಗದವು ಅನೇಕ ಹಾಗಿರುವುದಿಲ್ಲ. ವೈರು ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಮೇಲೇರಬೇಕು, ಜಾರಿದ ಹನಿ ಅಲ್ಲೇ ತೊಟ್ಟಿಕ್ಕಲಿ. ಮನೆಯ ಬೋರ್ಡಿನಲ್ಲಿ, ಕರೆಂಟ್ ಸೋರಿದ ಕೂಡಲೇ ಕಡಿದುಹಾಕುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಇರಬೇಕು. ಬೆಸುಗೆಯ ಮೇಲೆ ಟ್ಯಾಂಕ್ ಅಂಟಿಸುವ ಸಿಲಿಕೋನ್ ಬಳಿಯಿರಿ ಎಂದ ಸಾಲನ್ನು ಹೊಡೆದು ಹಾಕಿ. ವಿನೆಗರ್ ವಾಸನೆ ಬರುವ ಆ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ, ತಾಮ್ರ ತಿನ್ನುತ್ತದೆ. ವಾಸನೆ ಬಾರದ ನ್ಯೂಟ್ರಲ್ ಕ್ಯೂರ್ ಸಿಲಿಕೋನ್ ಬೇಕು.

ಈಗ ಆ ಪಾಚಿ. “ಮೂರನೇ ವಾರ ಸ್ವಲ್ಪ ಪಾಚಿ ಬಂತು, ನಂತರ ಸರಿಹೋಯಿತು.” ಗಿಡದ ಟ್ಯಾಂಕ್ ಇಟ್ಟವರೆಲ್ಲ ಈ ಸಾಲಿನಲ್ಲೇ ನಿಲ್ಲುತ್ತಾರೆ. ಎರಡಡಿಯ ಟ್ಯಾಂಕ್, ಸುಮಾರು 55 ಲೀಟರ್ ನೀರು, ಕಾರ್ಬನ್ ಡೈ ಆಕ್ಸೈಡ್ ಕೊಡುವ ವ್ಯವಸ್ಥೆ ಇಲ್ಲ, ಮೇಲೆ 36 ವ್ಯಾಟ್ ಎಲ್‌ಇಡಿ ದಿನಕ್ಕೆ ಹನ್ನೆರಡು ಗಂಟೆ. ಪಾಚಿ ಬಾರದೆ ಇರುತ್ತದೆಯೇ? ಬೆಳಕು ಹೆಚ್ಚಾದಷ್ಟೂ ಗಿಡಕ್ಕೆ ಇಂಗಾಲವೂ ಗೊಬ್ಬರವೂ ಹೆಚ್ಚು ಬೇಕು. ಅವು ಸಿಗದಿದ್ದಾಗ ಗಿಡ ಸೊರಗುತ್ತದೆ, ಉಳಿದ ಬೆಳಕು ಪಾಚಿಯ ಪಾಲಾಗುತ್ತದೆ. ನೀವು ಗಂಟೆ ಇಳಿಸಿದಿರಾ? ಆರೇಳಕ್ಕೆ ತಂದಿರಾ? ದೀಪವನ್ನು ಗೇಣುದ್ದ ಮೇಲಕ್ಕೆತ್ತಿದಿರಾ? ಡಿಮ್ಮರ್ ಹಾಕಿದಿರಾ? ಗಾಜು ಉಜ್ಜಿದ ಬಟ್ಟೆ ಹೇಗೆ ಕಾಣುತ್ತಿತ್ತು, ಅನುಬಿಯಸ್ ಗಿಡದ ಎಲೆಯ ಮೇಲೆ ಏನು ಕೂತಿತ್ತು? ಈ ಒಂದು ಸಾಲು ಎರಡು ಪುಟವಾಗಬೇಕು. ಸೋತದ್ದನ್ನು ಮುಚ್ಚಿಟ್ಟರೆ ನಿಮ್ಮ ಓದುಗ ಅದೇ ಮೂರನೇ ವಾರದಲ್ಲಿ ಒಬ್ಬನೇ ಸಿಕ್ಕಿಬೀಳುತ್ತಾನೆ.

ಸಣ್ಣ ತಿದ್ದುಪಡಿಗಳು ಕೆಲವು. ನೊಬೆಲ್ ಪಡೆದ ಅಮಾನೋ ಅವರೇ, ಟ್ಯಾಂಕನ್ನು ಪ್ರಕೃತಿಯ ನೋಟದಂತೆ ಕಟ್ಟುವ ನೇಚರ್ ಅಕ್ವೇರಿಯಂ ಶೈಲಿ ತಂದವರು ಎಂದಿದ್ದೀರಿ. ಅವರು ಇಬ್ಬರು. ನೀಲಿ ಎಲ್‌ಇಡಿಗಾಗಿ ಇಸಾಮು ಅಕಾಸಾಕಿ, ಶೂಜಿ ನಾಕಾಮುರಾ ಜೊತೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರು ಹಿರೋಶಿ ಅಮಾನೋ. ನೀರೊಳಗಿನ ತೋಟಗಳನ್ನು ಕಟ್ಟಿದವರು ನಿಗಾಟಾದ ಛಾಯಾಗ್ರಾಹಕ ತಕಾಶಿ ಅಮಾನೋ, 2015ರಲ್ಲಿ ತೀರಿಕೊಂಡರು. ಇಬ್ಬರ ಕೆಲಸವೂ ನಿಮ್ಮ ಟ್ಯಾಂಕಿನಲ್ಲಿ ಕೂಡಿದೆ, ಬೇಕಿದ್ದರೆ ಅದನ್ನು ಹೇಳಿ, ಸೊಗಸಾಗಿರುತ್ತದೆ. ಬಿಳಿ ಎಲ್‌ಇಡಿ ಎಂಬುದೇ ಫಾಸ್ಫರ್ ಎಂಬ ಹೊಳೆಯುವ ಹಳದಿ ಪುಡಿ ಬಳಿದ ನೀಲಿ ಎಲ್‌ಇಡಿ. ಆದ್ದರಿಂದ ಬೇರೆಯಾಗಿ ನಾಲ್ಕು ನೀಲಿ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ, ಅದು ಹವಳದ ಟ್ಯಾಂಕಿನವರ ರೂಢಿ. ಬದಲಿಗೆ ಕೆಂಪು ಹಾಕುವಿರಾದರೆ ಅವಕ್ಕೆ ಎರಡು ಚಿಲ್ಲರೆ ವೋಲ್ಟ್ ಸಾಕು, ಸರಣಿಯ ಮೊತ್ತ ಇಳಿಯುತ್ತದೆ. ಲೂಮೆನ್ ಮನುಷ್ಯನ ಕಣ್ಣಿಗೆ ಕಾಣುವ ಬೆಳಕಿನ ಅಳತೆ, 555 ನ್ಯಾನೋಮೀಟರ್ ತರಂಗಾಂತರದ ಹಸಿರಿಗೆ ಹೆಚ್ಚು ತೂಕ ಕೊಡುತ್ತದೆ. ಗಿಡ ಬಳಸುವುದು 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕು. ಬಿಳಿಯನ್ನು ಬಿಳಿಗೆ ಹೋಲಿಸಲು ಲೂಮೆನ್ ಸಾಕು, ಕೆಂಪು ನೀಲಿಗೆ ಸಾಲದು. ರೊಟಾಲ ಮ್ಯಾಕ್ರಾಂಡ್ರಾ ವಿದೇಶಿ ಗಿಡವಲ್ಲ, ಅದರ ತವರು ಭಾರತವೇ.

ಭಾಷೆಯ ಬಗ್ಗೆ ಒಂದೇ ಮಾತು. “ಉಷ್ಣ ವಿಸರ್ಜನಾ ಫಲಕ” ಬೇಡ, ಅಂಗಡಿಯಲ್ಲಿ ನೀವು ಕೇಳಿದ್ದು ಹೀಟ್ ಸಿಂಕ್. ಅದನ್ನೇ ಬರೆಯಿರಿ.

ತಿದ್ದಿದ ಪ್ರತಿಯನ್ನು ಅವಸರ ಮಾಡದೆ ಕಳಿಸಿ. ಜೊತೆಗೆ ಸರಣಿಯ ಚಿತ್ರವನ್ನು ಕೈಯಲ್ಲೇ ಬರೆದು ಕಳಿಸಿದರೆ ಸಾಕು, ನಾವು ಇಲ್ಲಿ ಗೆರೆ ನೇರ ಮಾಡಿಕೊಳ್ಳುತ್ತೇವೆ. ಪಾಚಿ ಹಿಡಿದ ದಿನಗಳ ಫೋಟೋ ಫೋನಿನಲ್ಲಿ ಉಳಿದಿದ್ದರೆ, ಮಬ್ಬಾಗಿದ್ದರೂ ಸರಿ, ಅದೂ ಬೇಕು.