ಓದುಗರ ಪ್ರಶ್ನೆ, ನಮ್ಮ ಉತ್ತರ: ರಾಕ್‌ಸ್ಟೆಡಿ ಗಾಯಕರು, ಹಳೆಯ ರೆಗೇ ರೆಕಾರ್ಡುಗಳು

ಪ್ರಶ್ನೆ: ಜಮೈಕಾದ ರೆಗೇ ಗಾಯಕ ಬಾಬ್ ಮಾರ್ಲಿಯನ್ನು ಮೊದಲಿಂದಲೂ ಕೇಳುತ್ತಿದ್ದೇನೆ. ಅದಕ್ಕೂ ಮುಂಚಿನ ರಾಕ್‌ಸ್ಟೆಡಿ ಇನ್ನೂ ಇಂಪು ಅನ್ನುತ್ತಾರೆ. ಆದರೆ ಸ್ಕಾ, ರಾಕ್‌ಸ್ಟೆಡಿ, ರೆಗೇ ಮೂರೂ ನನಗೆ ಒಂದೇ ಥರ ಕೇಳಿಸುತ್ತವೆ. ಗುರುತು ಹಿಡಿಯುವುದು ಹೇಗೆ?
– ಓದುಗರು, ಧಾರವಾಡ

ಉತ್ತರ: ಮೊದಲ ಸಲ ಹಾಡುವವರನ್ನು ಬಿಟ್ಟು ಬೇಸ್ ಗಿಟಾರಿಗೆ ಮಾತ್ರ ಕಿವಿಗೊಡಿ. ಜಮೈಕಾ ಸ್ವತಂತ್ರವಾದ 1962ರ ಹೊತ್ತಿಗೆ ಮೆರೆಯುತ್ತಿದ್ದ ಸ್ಕಾದಲ್ಲಿ ಬೇಸ್ ಎಣಿಕೆಗೊಂದು ಸ್ವರದಂತೆ ಬಿಡುವಿಲ್ಲದೆ ನಡೆಯುತ್ತದೆ. ಅದರ ಮೇಲೆ ಸ್ಯಾಕ್ಸೊಫೋನು, ಟ್ರಾಂಬೋನುಗಳ ಅಬ್ಬರ. 1966ರ ಸುಮಾರಿಗೆ ಗತಿ ಇಳಿಯಿತು, ಅದೇ ರಾಕ್‌ಸ್ಟೆಡಿ. ಬೇಸ್ ಒಂದು ಚಿಕ್ಕ ತುಣುಕು ನುಡಿಸಿ ನಿಲ್ಲುತ್ತದೆ, ಮತ್ತೆ ಅದೇ ತುಣುಕಿಗೆ ಬರುತ್ತದೆ. ಎಷ್ಟೋ ಹಾಡುಗಳಲ್ಲಿ ಗಿಟಾರಿನ ತಂತಿಯನ್ನು ಅಂಗೈಯಿಂದ ಅದುಮಿ ಅದೇ ತುಣುಕನ್ನು ಜೊತೆಗೇ ನುಡಿಸುತ್ತಾರೆ. ಟ್ರಿನಿಡಾಡಿನಿಂದ ಬಂದ ಲಿನ್ ಟೇಟ್ ಎಂಬ ಗಿಟಾರ್ ವಾದಕನ ಕೈಗುರುತು ಅದು.

ಇನ್ನು ರಾಕ್‌ಸ್ಟೆಡಿಯ ತಾಳ. ಒಂದು, ಎರಡು, ಮೂರು, ನಾಲ್ಕು ಎಂದು ನಿಧಾನವಾಗಿ ಎಣಿಸಿ. ಗಿಟಾರಿನ ‘ಚಕ್’ ಬೀಳುವುದು ಎರಡು ಮತ್ತು ನಾಲ್ಕಕ್ಕೆ. ಡ್ರಮ್ಸ್‌ನ ಪೆಟ್ಟು ಮೂರಕ್ಕೆ. ಒಂದನೆಯ ಎಣಿಕೆಯನ್ನು ಡ್ರಮ್ಸ್ ಬಹುಪಾಲು ಖಾಲಿ ಬಿಡುತ್ತದೆ. ಸಮದ (ತಾಳದ ಮೊದಲ ಎಣಿಕೆಯ) ಮೇಲೆ ಒತ್ತು ಕೇಳಿ ರೂಢಿಯಾದ ನಮ್ಮ ಕಿವಿಗೆ ಮೊದಲು ಎಲ್ಲವೂ ತಲೆಕೆಳಗಾದಂತೆ ಅನಿಸುತ್ತದೆ. ಮೂರಕ್ಕೆ ಕೈ ತಟ್ಟುತ್ತಾ ಹೋದರೆ ಹಿಡಿತ ಸಿಗುತ್ತದೆ.

1968ರಲ್ಲಿ ಗತಿ ಮತ್ತೆ ಚುರುಕಾಯಿತು, ಆರ್ಗನ್ ಎಣಿಕೆಗಳ ನಡುವೆ ಇಮ್ಮಡಿ ವೇಗದಲ್ಲಿ ಕುಣಿಯತೊಡಗಿತು. ಅದೇ ಆರಂಭದ ರೆಗೇ. ಲ್ಯಾರಿ ಮಾರ್ಷಲ್‌ನ ‘ನ್ಯಾನಿ ಗೋಟ್’, ಮೇಟಲ್ಸ್ ತಂಡದ ‘ಡೂ ದ ರೆಗೇ’ ಎರಡೂ ಆ ವರ್ಷದವು. ಹಾಪ್ಟನ್ ಲೂಯಿಸ್‌ನ ‘ಟೇಕ್ ಇಟ್ ಈಸಿ’ ಕೇಳಿದ ಕೂಡಲೇ ‘ನ್ಯಾನಿ ಗೋಟ್’ ಹಾಕಿ. ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ.

ರಾಕ್‌ಸ್ಟೆಡಿ ಬಾಳಿದ್ದು ಸುಮಾರು ಎರಡೇ ವರ್ಷ. ಆದರೂ ಜಮೈಕಾದ ಒಳ್ಳೊಳ್ಳೆಯ ಕಂಠಗಳು ಅರಳಿದ್ದು ಆಗಲೇ. ಬೇಸ್ ಬಿಟ್ಟುಕೊಟ್ಟ ಜಾಗ, ಹಿಂದೆ ಸರಿದ ಊದುವಾದ್ಯಗಳು ಬಿಟ್ಟುಕೊಟ್ಟ ಜಾಗ, ಎಲ್ಲವೂ ಹಾಡುವವರ ಪಾಲಾಯಿತು.

ಪ್ರಶ್ನೆ: ಯಾವ ಗಾಯಕರಿಂದ ಶುರು ಮಾಡಲಿ?
– ಓದುಗರು, ಮಂಗಳೂರು

ಉತ್ತರ: ಆಲ್ಟನ್ ಎಲ್ಲಿಸ್‌ನಿಂದ, ಅದರಲ್ಲಿ ಎರಡು ಮಾತಿಲ್ಲ. 1967ರ ‘ಐಯಾಮ್ ಸ್ಟಿಲ್ ಇನ್ ಲವ್ ವಿತ್ ಯು’ ಹಾಕಿ. ಪ್ರೀತಿ ಕೈತಪ್ಪುತ್ತಿದೆ, ಆದರೂ ದನಿ ಏರಿಸುವುದಿಲ್ಲ, ಬೇಡಿಕೊಳ್ಳುತ್ತಾನೆ. ಈ ಹಾಡಿನ ಧಾಟಿ ನಿಮಗೆ ಗೊತ್ತಿಲ್ಲದೆಯೇ ಪರಿಚಯವಿರಬಹುದು: 1978ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ ‘ಅಪ್‌ಟೌನ್ ಟಾಪ್ ರ‍್ಯಾಂಕಿಂಗ್’ ಇದರ ಬೇಸ್ ಮೇಲೆ ನಿಂತದ್ದು, ಶಾನ್ ಪಾಲ್ ಹಾಡಿ ಗೆದ್ದದ್ದೂ ಇದನ್ನೇ.

ಕೆನ್ ಬೂಥ್‌ನದು ದಪ್ಪ, ಒರಟು ಅಂಚಿನ ದನಿ. ಉದ್ದ ಸ್ವರದ ಕೊನೆಯಲ್ಲಿ ನಡುಕ ಬಿಟ್ಟುಬಿಡುತ್ತಾನೆ. 1974ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆದ ‘ಎವ್ರಿಥಿಂಗ್ ಐ ಓನ್’ ಹಾಡಿನಲ್ಲಿ ಆತ ‘ಎವ್ರಿಥಿಂಗ್’ ಅನ್ನುವುದೇ ಇಲ್ಲ, ‘ಎನಿಥಿಂಗ್ ಐ ಓನ್’ ಅನ್ನುತ್ತಾನೆ. ಗಮನಿಸಿ ಕೇಳಿ. ಅದು ರೆಗೇ ಕಾಲದ ಹಾಡು. ಅವನ ರಾಕ್‌ಸ್ಟೆಡಿಗೆ ‘ದ ಟ್ರೇನ್ ಈಸ್ ಕಮಿಂಗ್’ ಇದೆ.

ಡೆಲ್‌ರಾಯ್ ವಿಲ್ಸನ್ ಹುಡುಗನಾಗಿದ್ದಾಗಲೇ ರೆಕಾರ್ಡ್ ನಿರ್ಮಾಪಕ ಕಾಕ್ಸನ್ ಡಾಡ್‌ನ ಬಳಿಗೆ ಬಂದವನು. ದನಿ ಒಡೆದ ಮೇಲೆ ಬಂದ 1966ರ ‘ಡ್ಯಾನ್ಸಿಂಗ್ ಮೂಡ್’ ರಾಕ್‌ಸ್ಟೆಡಿಯ ಹೊಸ್ತಿಲಲ್ಲಿ ನಿಂತ ಹಾಡು. ಅವನ 1971ರ ‘ಬೆಟರ್ ಮಸ್ಟ್ ಕಮ್’ ಅನ್ನು ಜಮೈಕಾದ ರಾಜಕಾರಣಿ ಮೈಕೆಲ್ ಮ್ಯಾನ್ಲಿಯ ಪಕ್ಷ 1972ರ ಚುನಾವಣಾ ಪ್ರಚಾರಕ್ಕೆ ಬಳಸಿ ಗೆದ್ದಿತು.

ಫಿಲಿಸ್ ಡಿಲನ್ ಹಾಡಿದ ‘ಡೋಂಟ್ ಸ್ಟೇ ಅವೇ’ಯನ್ನು ಬಿಡಬೇಡಿ. ಅದನ್ನು ಹೊರತಂದ ನಿರ್ಮಾಪಕ ಡ್ಯೂಕ್ ರೀಡ್‌ನ ಟ್ರೆಷರ್ ಐಲ್ ಸ್ಟುಡಿಯೋ ಕಿಂಗ್‌ಸ್ಟನ್ನಿನ ಬಾಂಡ್ ಸ್ಟ್ರೀಟಿನಲ್ಲಿ, ಅವನದೇ ಮದ್ಯದಂಗಡಿಯ ಮೇಲಿನ ಮಹಡಿಯಲ್ಲಿತ್ತು. ಫಿಲಿಸ್ ನ್ಯೂಯಾರ್ಕಿನಲ್ಲಿ ನೆಲೆಸಿದ ಮೇಲೂ ಅಲ್ಲಿಗೆ ಬಂದು ಹಾಡಿ ಹೋಗುತ್ತಿದ್ದರು. ನೀವು ಮಾರ್ಲಿ ಅಭಿಮಾನಿಯಾದರೆ ಮಾರ್ಷಿಯಾ ಗ್ರಿಫಿತ್ಸ್ ದನಿ ಈಗಾಗಲೇ ಕೇಳಿದ್ದೀರಿ, ಆತನ ಸಹಗಾಯಕಿಯರಾದ ಐ-ಥ್ರೀಸ್‌ನಲ್ಲಿ. ಅವರೊಬ್ಬರೇ ಹಾಡಿದ 1968ರ ‘ಫೀಲ್ ಲೈಕ್ ಜಂಪಿಂಗ್’ ಬೇರೆಯೇ ಹುರುಪಿನದು.

ಮೂವರು ಕೂಡಿ ಹಾಡುವ ತಂಡಗಳಲ್ಲಿ ಟೆಕ್ನಿಕ್ಸ್, ಪ್ಯಾರಗಾನ್ಸ್, ಮೆಲೋಡಿಯನ್ಸ್. ‘ದ ಟೈಡ್ ಈಸ್ ಹೈ’ ಅಮೆರಿಕದ ಬ್ಲಾಂಡಿ ತಂಡದ್ದಲ್ಲ, ಪ್ಯಾರಗಾನ್ಸ್‌ನ ಜಾನ್ ಹೋಲ್ಟ್ ಬರೆದದ್ದು. ‘ರಿವರ್ಸ್ ಆಫ್ ಬ್ಯಾಬಿಲಾನ್’ ಕೂಡ ಬೋನಿ ಎಂ. ತಂಡಕ್ಕಿಂತ ಎಂಟು ವರ್ಷ ಮೊದಲು, 1970ರಲ್ಲಿ ಮೆಲೋಡಿಯನ್ಸ್‌ ಹಾಡಿದ್ದು.

ಪ್ರಶ್ನೆ: ಇವೆಲ್ಲ ಅಮೆರಿಕದ ‘ಸೋಲ್’ ಶೈಲಿಯ ಹಾಡುಗಳ ನಕಲೇ?
– ಓದುಗರು, ಮೈಸೂರು

ಉತ್ತರ: ಕೆಲವು ನೇರವಾಗಿ ಅಲ್ಲಿಂದ ಬಂದವು. ಟೆಕ್ನಿಕ್ಸ್‌ನ ‘ಕ್ವೀನ್ ಮೆಜೆಸ್ಟಿ’ ಮೂಲತಃ ಅಮೆರಿಕದ ಸೋಲ್ ಗಾಯಕ ಕರ್ಟಿಸ್ ಮೇಫೀಲ್ಡ್‌ ರಚನೆ. ಎರಡನ್ನೂ ಒಂದಾದ ಮೇಲೊಂದು ಕೇಳಿ. ಟೆಕ್ನಿಕ್ಸ್ ದಾಖಲೆಯಲ್ಲಿ ಬೇಸ್ ಮುಂದೆ ಬಂದು, ಮೂರು ದನಿಗಳು ಅದಕ್ಕೆ ಆತುಕೊಂಡು ನಿಲ್ಲುತ್ತವೆ. ನಮಗೆ ಜಮೈಕಾದ್ದೇ ಹೆಚ್ಚು ಇಷ್ಟ.

ಪ್ರಶ್ನೆ: ಹೆಡ್‌ಫೋನಿನಲ್ಲಿ ಹಾಡಿನ ದನಿಯೆಲ್ಲ ಒಂದೇ ಕಿವಿಗೆ ಬರುತ್ತದೆ, ವಾದ್ಯವೆಲ್ಲ ಇನ್ನೊಂದಕ್ಕೆ. ಫೈಲ್ ಕೆಟ್ಟಿದೆಯೇ?
– ಓದುಗರು, ಬೆಂಗಳೂರು

ಉತ್ತರ: ಕೆಟ್ಟಿಲ್ಲ. ಆಗ ಹಲವು ದಾಖಲೆಗಳು ಎರಡೇ ಟ್ರ್ಯಾಕಿನವು: ಒಂದರಲ್ಲಿ ವಾದ್ಯ, ಇನ್ನೊಂದರಲ್ಲಿ ಕಂಠ. ಎರಡನ್ನೂ ಬೆರೆಸಿ ಮೋನೊ (ಎರಡೂ ಕಿವಿಗೆ ಒಂದೇ ಸದ್ದಿನ) ಸಿಂಗಲ್, ಅಂದರೆ ಬದಿಗೊಂದೇ ಹಾಡಿನ ಚಿಕ್ಕ ರೆಕಾರ್ಡ್ ತರುತ್ತಿದ್ದರು. ಆಮೇಲೆ ಎಲ್‌ಪಿ ಮಾಡುವಾಗ ಅವೇ ಎರಡು ಟ್ರ್ಯಾಕುಗಳನ್ನು ಎಡಕ್ಕೊಂದು ಬಲಕ್ಕೊಂದು ಹಂಚಿ ಸ್ಟೀರಿಯೊ ಎಂದರು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ‘ಮೋನೊ ಆಡಿಯೊ’ ಹಾಕಿದರೆ ಎರಡೂ ಕಿವಿಗೆ ಎಲ್ಲವೂ ಬರುತ್ತದೆ. ಆಂಪ್ಲಿಫೈಯರಿನಲ್ಲಿ ಮೋನೊ ಗುಂಡಿ ಇದ್ದರೆ ಅದನ್ನು ಒತ್ತಿ. ಕಂಠದ ಪಟ್ಟು ಕಲಿಯಲು ಮಾತ್ರ ಒಮ್ಮೊಮ್ಮೆ ಒಂದೇ ಬದಿ ಕೇಳಿ. ಉಸಿರು ತೆಗೆದುಕೊಳ್ಳುವುದೂ ತಿಳಿಯುತ್ತದೆ.

ಇನ್ನೊಂದು ಎಚ್ಚರ. ಕಾಕ್ಸನ್ ಡಾಡ್‌ನ ಸ್ಟುಡಿಯೋ ಒನ್‌ನ ಕೆಲವು ಮರುಮುದ್ರಣಗಳಿಗೆ 70ರ ದಶಕದಲ್ಲಿ ಹೊಸ ತಾಳವಾದ್ಯ ಸೇರಿಸಿದ್ದಾರೆ. ಬಾಬ್ ಆಂಡಿ ಮತ್ತು ಮಾರ್ಷಿಯಾ ಹಾಡಿದ 1970ರ ‘ಯಂಗ್, ಗಿಫ್ಟೆಡ್ ಅಂಡ್ ಬ್ಲ್ಯಾಕ್’ಗೆ ಲಂಡನ್ನಿನ ಟ್ರೋಜನ್ ಕಂಪನಿ ಪಿಟೀಲು ಹೊದಿಸಿತು. ಹೊದಿಕೆ ಇಲ್ಲದ ದಾಖಲೆಯನ್ನೂ ಹುಡುಕಿ ಕೇಳಿ.

ಪ್ರಶ್ನೆ: ಜಮೈಕಾದಲ್ಲಿ ಒತ್ತಿದ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತಿನ) ರೆಕಾರ್ಡ್ ತರಿಸಿದೆ. ನಡುವಿನ ತೂತು ದೊಡ್ಡದು, ಚಟಪಟ ಸದ್ದು, ಶ್ರುತಿ ತೂಗಾಡುತ್ತದೆ. ಏನು ಮಾಡಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ತೂತು 38 ಮಿ.ಮೀ.ನದು, ಅದನ್ನು ತುಂಬುವ ಅಡಾಪ್ಟರ್ ಬೇಕು. ಶ್ರುತಿ ತೂಗಾಡುವುದು ತೂತು ನಟ್ಟನಡುವೆ ಬಿದ್ದಿಲ್ಲದ್ದರಿಂದ. ಜಮೈಕಾ ಪ್ಲೇಟುಗಳಲ್ಲಿ ಇದು ಮಾಮೂಲು. ಅಡಾಪ್ಟರ್ ತೆಗೆದು ರೆಕಾರ್ಡನ್ನು ಮ್ಯಾಟ್ ಮೇಲೆ ಹಾಗೇ ಇಡಿ. ಟೋನ್‌ಆರ್ಮ್ (ಮುಳ್ಳು ಹಿಡಿದ ತೋಳು) ಎಡಬಲ ಓಲಾಡುವುದನ್ನು ನೋಡಿ. ಯಾವ ಜಾಗದಲ್ಲಿ ಅದು ಹೊರಕ್ಕೆ ಸರಿಯುತ್ತದೋ ಅದನ್ನು ಗುರುತಿಟ್ಟು, ಸ್ಟೈಲಸ್ (ಮುಳ್ಳು) ಎತ್ತಿ ತಿರುಗಣೆ ನಿಲ್ಲಿಸಿ, ಆ ಅಂಚನ್ನು ನಡುವಿನ ಕಡೆಗೆ ಕೂದಲೆಳೆಯಷ್ಟು ತಳ್ಳಿ. ಓಲಾಟ ನಿಲ್ಲುವವರೆಗೆ ಮತ್ತೆ ಮತ್ತೆ ಮಾಡಿ. ಉದ್ದ ಸ್ವರಗಳು ನೆಟ್ಟಗಾಗುತ್ತವೆ.

ತೊಳೆಯಲು 200 ಮಿ.ಲೀ. ಡಿಸ್ಟಿಲ್ಡ್ ನೀರು, 50 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್, ಪಾತ್ರೆ ತೊಳೆಯುವ ದ್ರವ ಎರಡು ಹನಿ. ಮೈಕ್ರೊಫೈಬರ್ ಬಟ್ಟೆಯಿಂದ ಗೆರೆಗಳ ಗುಂಟ ಸುತ್ತಾ ಒರೆಸಿ, ಅಡ್ಡ ಉಜ್ಜಬೇಡಿ, ಲೇಬಲ್ಲಿಗೆ ತಾಗಿಸಬೇಡಿ. ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ಒರೆಸಿ ನಿಲ್ಲಿಸಿ ಒಣಗಿಸಿ. ನಲ್ಲಿ ನೀರು ಬೇಡ, ಒಣಗಿದ ಉಪ್ಪು ಗೆರೆಯೊಳಗೆ ಉಳಿದು ಹೊಸ ಸದ್ದು ಕೊಡುತ್ತದೆ. ಮನೆಯಲ್ಲಿ ರಂಗಗೀತೆಗಳ ಹಳೆಯ 78 ಆರ್‌ಪಿಎಂ ಪ್ಲೇಟುಗಳಿದ್ದರೆ ಈ ದ್ರಾವಣವನ್ನು ಅವುಗಳ ಹತ್ತಿರ ಒಯ್ಯಲೇಬೇಡಿ. ಅವು ಅರಗಿನವು, ಆಲ್ಕೊಹಾಲಿಗೆ ಕರಗಿಹೋಗುತ್ತವೆ.

ತೊಳೆದ ಮೇಲೂ ಉಳಿಯುವ ‘ಸ್ಸ್’ ಸದ್ದು ಹಳೆಯ ರೆಕಾರ್ಡುಗಳನ್ನು ಕರಗಿಸಿ ಮತ್ತೆ ಒತ್ತಿದ ವಿನೈಲ್‌ನದಿರಬಹುದು, ಅದು ಹೋಗದು. ಮೋನೊ ಗುಂಡಿ ಒತ್ತಿದರೆ ಒಂದಷ್ಟು ತಗ್ಗುತ್ತದೆ. ಸ್ಟೈಲಸ್‌ನ ಭಾರವನ್ನು ತಯಾರಕರು ಹೇಳಿದ ಮಿತಿಯ ಮೇಲಂಚಿಗೆ ಇಡಿ: 1.8ರಿಂದ 2.2 ಗ್ರಾಂ ಎಂದಿದ್ದರೆ 2.2. ಹಗುರಾಗಿಟ್ಟರೆ ಸ್ಟೈಲಸ್ ಗೆರೆಯೊಳಗೆ ಕುಪ್ಪಳಿಸಿ ‘ಸ’, ‘ಶ’ ಅಕ್ಷರಗಳು ಒಡೆಯುತ್ತವೆ.

ಲೇಬಲ್ಲಿನ ಮೇಲಿನ ಹೆಸರನ್ನು ಪೂರ್ತಿ ನಂಬಬೇಡಿ. ಖಾಲಿ ಲೇಬಲ್, ತಪ್ಪು ಹೆಸರು, ಬದಿ ಅದಲುಬದಲು ಎಲ್ಲವೂ ಇವೆ. ಗೆರೆ ಮುಗಿದ ನಂತರದ ನುಣುಪು ಭಾಗದಲ್ಲಿ ಕೊರೆದ ಸಂಖ್ಯೆಯ ಫೋಟೊ ಕೇಳಿ ತರಿಸಿಕೊಂಡು ತಾಳೆ ನೋಡಿ. ನೋಡಲು ಚೆನ್ನಾಗಿದೆ ಎಂದರೆ ಸಾಲದು, ಮಾರುವವರು ನುಡಿಸಿ ಕೇಳಿದ್ದಾರೆಯೇ ಎಂದು ಹಣ ಕಳಿಸುವ ಮೊದಲೇ ಕೇಳಿ.