ಫಾರ್ಮ್ಯಾಟ್ ಆದ ಮೇಲೆ ‘ಆಕ್ಟಿವೇಟ್ ವಿಂಡೋಸ್’ ಅಂತ ಬರುತ್ತಿದೆ: ಆನ್‌ಲೈನ್‌ನಲ್ಲಿ 799 ರೂಪಾಯಿಯ ಕೀ ಕೊಳ್ಳಲೇ, ಅಂಗಡಿಯಲ್ಲೇ ಮತ್ತೆ ಮಾಡಿಸಲೇ?

ಎರಡೂ ಬೇಡ. ಲ್ಯಾಪ್‌ಟಾಪ್ ತರುವಾಗಲೇ ಅದರಲ್ಲಿ ವಿಂಡೋಸ್ 11 ಇತ್ತು ಅಂತ ಬರೆದಿದ್ದೀರಿ. ಹಾಗಿದ್ದರೆ ಕೀ, ಅಂದರೆ ವಿಂಡೋಸನ್ನು ಆಕ್ಟಿವೇಟ್ ಮಾಡುವ 25 ಅಕ್ಷರಗಳ ಸಂಕೇತ, ನಿಮ್ಮ ಹತ್ತಿರವೇ ಇದೆ, ಅದರ ದುಡ್ಡನ್ನೂ ಆಗಲೇ ಕೊಟ್ಟಿದ್ದೀರಿ. ಇಷ್ಟು ಗೊತ್ತಾಗಲು ನಾನು ಎರಡು ಸಲ ದುಡ್ಡು ಕಳೆದುಕೊಂಡೆ.

ನಮ್ಮದು ಕೊಡಗಿನ ನಾಪೋಕ್ಲು ಕಡೆ ಸಣ್ಣ ಕಾಫಿ ತೋಟ. 2019ರಲ್ಲಿ ಮೈಸೂರಿನಿಂದ ಲ್ಯಾಪ್‌ಟಾಪ್ ತಂದೆ, ವಿಂಡೋಸ್ 10 ಒಳಗೇ ಇತ್ತು. ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ವಾರದ ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲವೂ ಎಕ್ಸೆಲ್‌ನಲ್ಲಿ. 2021ರ ಜುಲೈ ಹೊತ್ತಿಗೆ ಅದು ಆನ್ ಆಗಲಿಕ್ಕೇ ಹದಿನೈದು ನಿಮಿಷ ತೆಗೆದುಕೊಳ್ಳುತ್ತಿತ್ತು. ಮಳೆಯಲ್ಲೇ ಪೇಟೆಗೆ ಹೋಗಿ ಒಂದು ಅಂಗಡಿಯಲ್ಲಿ ಕೊಟ್ಟು ಬಂದೆ. ಸಂಜೆಗೆ ಫಾರ್ಮ್ಯಾಟ್ ಆಗಿ ಕೈಗೆ ಬಂತು. ‘ಪ್ರೊ ಹಾಕಿದ್ದೇನೆ ಅಣ್ಣ, ನಿಮ್ಮದು ಬರೀ ಹೋಂ ಇತ್ತು’ ಅಂದ ಹುಡುಗ. ಹೋಂ ಅಂದರೆ ಮನೆಬಳಕೆಯ ವಿಂಡೋಸ್, ಪ್ರೊ ಅದಕ್ಕಿಂತ ಮೇಲಿನ ಎಡಿಷನ್. ಒಳ್ಳೆಯದೇ ಆಯಿತು ಅಂದುಕೊಂಡು 600 ರೂಪಾಯಿ ಕೊಟ್ಟು ಬಂದೆ.

ನಾನು ತಪ್ಪಿದ್ದು ಅಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಇದರಿಂದಲೇ ಹುಟ್ಟಿತು. ವಿಂಡೋಸ್ 7 ಕಾಲದಲ್ಲಿ ಕೀ ಲ್ಯಾಪ್‌ಟಾಪಿನ ತಳದ ಸ್ಟಿಕ್ಕರ್ ಮೇಲೆ ಅಚ್ಚಾಗಿರುತ್ತಿತ್ತು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಕಂಪನಿಯವರು ಆ 25 ಅಕ್ಷರಗಳನ್ನು ಮದರ್‌ಬೋರ್ಡಿನ ಬಯೋಸ್ (ಲ್ಯಾಪ್‌ಟಾಪ್ ಆನ್ ಆಗುವಾಗ ಮೊದಲು ಓಡುವ, ಬೋರ್ಡಿನ ಚಿಪ್‌ನಲ್ಲೇ ಇರುವ ಪ್ರೋಗ್ರಾಂ) ಒಳಗೇ ಬರೆದುಬಿಡುತ್ತಾರೆ. ಹಾರ್ಡ್‌ಡಿಸ್ಕ್ ಎಷ್ಟು ಸಲ ಅಳಿಸಿದರೂ ಅದಕ್ಕೆ ಏನೂ ಆಗುವುದಿಲ್ಲ. ಆದರೆ ಆ ಕೀ ಒಂದೇ ಒಂದು ಎಡಿಷನ್ನಿಗೆ ಸೇರಿದ್ದು. ನಮ್ಮಲ್ಲಿ ಮಾರುವ ಮನೆಬಳಕೆಯ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟಕ್ಕೆ ಇರುವುದು ‘ಹೋಂ ಸಿಂಗಲ್ ಲ್ಯಾಂಗ್ವೇಜ್’. ಅದರ ಮೇಲೆ ಪ್ರೊ ಹಾಕಿದರೆ ಬಯೋಸ್‌ನ ಕೀ ಅಲ್ಲೇ ಇರುತ್ತದೆ, ಆದರೆ ಕೆಲಸಕ್ಕೆ ಬರುವುದಿಲ್ಲ. ಮೈಕ್ರೋಸಾಫ್ಟ್‌ನ ಅಸಲಿ ವಿಂಡೋಸ್ ಇರುವ ಪೆನ್‌ಡ್ರೈವ್ ಆಗಿದ್ದರೆ ಬಯೋಸ್ ಓದಿ, ಯಾವ ಎಡಿಷನ್ ಬೇಕೆಂದು ಕೇಳದೆ ತಾನೇ ಹೋಂ ಹಾಕುತ್ತಿತ್ತು. ಅಂಗಡಿಯದು ತಿದ್ದಿದ ಪ್ರತಿ, ಬಂದವರಿಗೆಲ್ಲ ಅದನ್ನೇ ಹಾಕುತ್ತಿದ್ದರು. ಡಿಸ್ಕ್ ಪೂರ್ತಿ ಅಳಿಸಿದ್ದರಿಂದ ವಿಂಡೋಸನ್ನು ಮೊದಲಿನಂತೆ ಮತ್ತೆ ಹಾಕಲು ಕಂಪನಿ ಇಟ್ಟಿದ್ದ ರಿಕವರಿ ಪಾರ್ಟಿಷನ್ನೂ (ಡಿಸ್ಕಿನ ಒಂದು ಭಾಗ) ಹೋಯಿತು. ‘ಹೋಂ ಇತ್ತು’ ಅಂದಾಗಲೇ ‘ಹೋಂ ಅನ್ನೇ ಹಾಕಪ್ಪ’ ಅಂದಿದ್ದರೆ ಮುಗಿಯುತ್ತಿತ್ತು.

ಆರು ತಿಂಗಳು ಏನೂ ಗೊತ್ತಾಗಲಿಲ್ಲ. ಅಂಗಡಿಯಲ್ಲಿ ಕೆಎಂಎಸ್ ಅನ್ನುವ ವಿಧಾನದಲ್ಲಿ ಆಕ್ಟಿವೇಟ್ ಮಾಡಿದ್ದರು. ದೊಡ್ಡ ಕಂಪನಿ, ಕಾಲೇಜುಗಳಿಗಾಗಿ ಇರುವ ವ್ಯವಸ್ಥೆ ಅದು. ಅಲ್ಲಿ ಕಂಪ್ಯೂಟರ್ ತನ್ನ ಸಂಸ್ಥೆಯ ಸರ್ವರನ್ನು ಆಗಾಗ ಮುಟ್ಟಿ ಬರಬೇಕು, ಇಲ್ಲದಿದ್ದರೆ 180 ದಿನಕ್ಕೆ ಅವಧಿ ಮುಗಿಯುತ್ತದೆ. ನಮ್ಮ ಮನೆಯಲ್ಲಿ ಯಾವ ಸರ್ವರ್? ಜುಲೈನಿಂದ ಎಣಿಸಿದರೆ ಸರಿಯಾಗಿ ಜನವರಿ, ಕಾಫಿ ಕುಯ್ಲಿನ ಮಧ್ಯೆ. ಶನಿವಾರ ಬಟವಾಡೆಗೆ ಕೂತಿದ್ದೇನೆ, ಲೈನ್ ಮನೆಯ ಆಳುಗಳು ಜಗಲಿಯಲ್ಲಿ ಕಾಯುತ್ತಿದ್ದಾರೆ, ತೆರೆಯ ಬಲಗಡೆ ಕೆಳಗೆ ಬೂದು ಅಕ್ಷರಗಳು ಬಂದು ಕೊನೆಯ ಕಾಲಂನ ಮೊತ್ತದ ಮೇಲೇ ಕೂತವು. ಲೆಕ್ಕವೇ ಹೋಗುತ್ತದೋ ಏನೋ ಎಂದು ಹೆದರಿ, ಅಂದು ರಾತ್ರಿಯೇ ಆನ್‌ಲೈನ್‌ನಲ್ಲಿ 899 ರೂಪಾಯಿಯ ಪ್ರೊ ಕೀ ಕೊಂಡೆ. ಎರಡು ತಿಂಗಳು ನಡೆಯಿತು. ಮಾರ್ಚಿನಲ್ಲಿ ಅದೂ ಬ್ಲಾಕ್. ಆಮೇಲೆ 1,200 ಕೊಟ್ಟು ಹೋಂ ಕೀ ತಂದೆ, ಪ್ರೊ ಅದನ್ನು ಒಪ್ಪಲೇ ಇಲ್ಲ.

ಹೂಮಳೆಯ ವಾರ ಅಕ್ಕನ ಮಗ ಮನೆಗೆ ಬಂದಿದ್ದ. ‘ಮಾವ, ನೀವು ತಂದಾಗ ಇದ್ದ ವಿಂಡೋಸೇ ಅಲ್ಲ ಇದು’ ಅಂದ. ಒಂದು ಕಮಾಂಡ್ ಕೊಟ್ಟು ಬಯೋಸ್‌ನಲ್ಲಿದ್ದ ಕೀಯನ್ನು ತೆರೆಯ ಮೇಲೆ ತಂದು ತೋರಿಸಿದ. ಮೂರು ವರ್ಷದಿಂದ ಅಲ್ಲೇ ಇತ್ತು. 899ರ ಕೀ ಯಾವುದೋ ಸಂಸ್ಥೆಗೆ ಒಟ್ಟಿಗೆ ಕೊಟ್ಟಿದ್ದ ವಾಲ್ಯೂಮ್ ಕೀ, ಬಿಡಿಬಿಡಿಯಾಗಿ ಮಾರುತ್ತಿದ್ದಾರೆ ಅಂತಲೂ ಅವನೇ ಹೇಳಿದ್ದು. ನಿಮ್ಮ 799ರದ್ದೂ ಅದೇ ಜಾತಿಯದು ಎಂದೇ ನನಗನ್ನಿಸುತ್ತದೆ.

ನೀವು ಮೊದಲು ಹೆದರಿಕೆ ಬಿಡಿ. ಆಕ್ಟಿವೇಟ್ ಆಗದಿದ್ದರೂ ಫೈಲು ಅಳಿಯುವುದಿಲ್ಲ. ಆ ಬೂದು ಬರಹ ಇರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ವಾಲ್‌ಪೇಪರ್, ಬಣ್ಣ ಬದಲಾಯಿಸಲು ಬಿಡುವುದಿಲ್ಲ, ಅಷ್ಟೇ. ಸೆಟ್ಟಿಂಗ್ಸ್, ಸಿಸ್ಟಂ, ಆಕ್ಟಿವೇಶನ್‌ಗೆ ಹೋಗಿ ಈಗ ಯಾವ ಎಡಿಷನ್ ಇದೆ ನೋಡಿ. ಲ್ಯಾಪ್‌ಟಾಪಿನ ಬಿಲ್ಲು ಅಥವಾ ಡಬ್ಬಿಯ ಮೇಲೆ ‘ಹೋಂ ಎಸ್‌ಎಲ್’ (ಹೋಂ ಸಿಂಗಲ್ ಲ್ಯಾಂಗ್ವೇಜ್) ಅಂತಿದ್ದು ಇಲ್ಲಿ ಪ್ರೊ ಕಂಡರೆ ನನ್ನ ಕಥೆಯೇ ನಿಮ್ಮದೂ. ವಿಂಡೋಸ್ ಬಟನ್ ಜೊತೆ ಆರ್ ಒತ್ತಿ, ‘ಎಸ್‌ಎಲ್‌ಎಂಜಿಆರ್’ ಎಂದು ಇಂಗ್ಲಿಷ್‌ನಲ್ಲಿ ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ (/) ಹಾಕಿ ‘ಡಿಎಲ್‌ಐ’ ಸೇರಿಸಿ ಎಂಟರ್ ಕೊಡಿ. ಬರುವ ಕಿಟಕಿಯಲ್ಲಿ ‘ವಾಲ್ಯೂಮ್’ ಎಂಬ ಪದ ಕಂಡರೆ ಅದು ನಿಮ್ಮ ಲೈಸೆನ್ಸ್ ಅಲ್ಲ.

ಪ್ರೊನಿಂದ ಹೋಂಗೆ ಇಳಿಯಲು ನೇರ ದಾರಿ ಇಲ್ಲ, ಹೊಸದಾಗಿಯೇ ಹಾಕಬೇಕು. ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಹಾಕಿಕೊಳ್ಳಿ. ಮೈಕ್ರೋಸಾಫ್ಟ್‌ನ ಸೈಟಿನಿಂದಲೇ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು, ಅದರಿಂದ 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ ಹಾಕಿಕೊಳ್ಳಿ. ನಮ್ಮ ಮನೆಯ ನೆಟ್‌ವರ್ಕಿನಲ್ಲಿ ಅದು ಮುಗಿಯುವ ಹಾಗಿರಲಿಲ್ಲ, ಮಡಿಕೇರಿಯಲ್ಲಿ ಅಕ್ಕನ ಮನೆಯಲ್ಲಿ ಕೂತು ಇಳಿಸಿದೆವು. ಡಿಸ್ಕಿನ ಬದಲು ಆ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಶುರು ಮಾಡಿದಾಗ ಕೀ ಕೇಳಲೇ ಇಲ್ಲ, ಹೋಂ ಸಿಂಗಲ್ ಲ್ಯಾಂಗ್ವೇಜ್ ತಾನೇ ಕೂತಿತು, ಇಂಟರ್ನೆಟ್ ಸಿಕ್ಕಿದ ಕೂಡಲೇ ಆಕ್ಟಿವ್ ಅಂತ ತೋರಿಸಿತು.

ಅಂಗಡಿಯವರು ‘ಮತ್ತೆ ಆಕ್ಟಿವೇಟ್ ಮಾಡಿಕೊಡುತ್ತೇವೆ’ ಅಂದರೆ ಒಪ್ಪಬೇಡಿ. ಆಕ್ಟಿವೇಟ್ ಮಾಡಲು ಅವರು ಬಳಸುವ ಟೂಲ್ ಓಡಿಸಲು ಮೊದಲು ಆಂಟಿವೈರಸ್ ಆಫ್ ಮಾಡುತ್ತಾರೆ, ಬ್ಯಾಂಕಿನ ಕೆಲಸ ಮಾಡುವ ಲ್ಯಾಪ್‌ಟಾಪಿನಲ್ಲಿ ಅದು ಖಂಡಿತ ಬೇಡ. ಮದರ್‌ಬೋರ್ಡ್ ಬದಲಾಗಿದ್ದರೆ ಮಾತ್ರ ಈ ಲೆಕ್ಕ ಬೇರೆ, ಕೀ ಹಳೇ ಬೋರ್ಡಿನ ಜೊತೆಗೇ ಹೋಗಿರುತ್ತದೆ. ನೀವು ಬರೀ ಫಾರ್ಮ್ಯಾಟ್ ಅಂದಿದ್ದೀರಿ. ಬೋರ್ಡಿಗೂ ಕೈ ಹಾಕಿದ್ದಾರಾ ಕೇಳಿ ನೋಡಿ, ‘ಡಿಎಲ್‌ಐ’ ಏನು ತೋರಿಸಿತು ಅಂತಲೂ ಬರೆಯಿರಿ.