ದೆವ್ವ ಬಿಡಿ, ಕಲ್ಲು ಓದಿ

ನಮಸ್ಕಾರ,

ನಿಮ್ಮ ಲೇಖನ ಓದಿದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನದಲ್ಲಿ, ಅಂದರೆ ಬ್ರಿಟಿಷ್ ಪಡೆಯವರ ಸ್ಮಶಾನದಲ್ಲಿ, ಒಂದು ಸಂಜೆ ಸುತ್ತಾಡಿದ ಅನುಭವ. ಸುತ್ತಿ ಬಳಸಿ ಹೇಳುವುದಿಲ್ಲ: ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಿ ಕೈ ತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ಮೂರನೇ ಪುಟದ ಒಂದು ಸಾಲು.

ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ಅಲ್ಲಿ ಬೈಕ್ ಇದೆ, ಮದ್ದೂರು ವಡೆ ಇದೆ, ಗೆಳೆಯನ ಜೋಕ್ ಇದೆ, ಸ್ಮಶಾನ ಮಾತ್ರ ಇಲ್ಲ. ಗೇಟು ದಾಟಿದ ಮೇಲೆ ಶುರುವಾಗುವುದು ಬರೀ 'ನಿಗೂಢ', 'ರೋಮಾಂಚನ', 'ಮೈ ಜುಂ'. ಈ ಪದಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾ ಹೋದೆ. ಪುಟಕ್ಕೆ ಸೀತಾಳೆ ಸಿಡುಬು ಬಂದ ಹಾಗಾಯಿತು. ಜಾಗ ನಿಗೂಢವಾಗಿದೆ ಎಂದು ನೀವು ಹೇಳಿದರೆ ನಾನ್ಯಾಕೆ ನಂಬಬೇಕು? ಯಾವ ಕಲ್ಲಿನ ಮುಂದೆ ನಿಂತಿರಿ, ಅದರ ಮೇಲೆ ಏನಿತ್ತು, ಅದನ್ನು ಹೇಳಿ.

ಈಗ ಆ ಸಾಲು. 'ಕೆಲವು ಹೆಸರುಗಳು ಇಂಗ್ಲಿಷರ ಹಾಗೆ ಕಾಣಲಿಲ್ಲ. ಟಿಪ್ಪುವಿನ ಪರ ಹೋರಾಡಿದ ಫ್ರೆಂಚರಿರಬೇಕು' ಎಂದು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಅಯ್ಯೋ, ಅಲ್ಲೇ ನಿಲ್ಲಬೇಕಿತ್ತು!

ಊಹೆ ಸಹಜವಾದದ್ದೇ. ಟಿಪ್ಪು ಎಂದರೆ ಫ್ರೆಂಚರು ನೆನಪಾಗುತ್ತಾರೆ. ಆದರೆ ಇವರು ಎದುರು ಪಾಳಯದವರು. ಸ್ವಿಟ್ಜರ್ಲೆಂಡ್ ಕಡೆಯ ಡಿ ಮ್ಯೂರನ್ ರೆಜಿಮೆಂಟಿನವರು, ಸಂಬಳಕ್ಕೆ ಹೋರಾಡುವ ಸಿಪಾಯಿಗಳು. ನೌಶಾಟೆಲ್‌ನ ಚಾರ್ಲ್ಸ್ ಡೇನಿಯಲ್ ಡಿ ಮ್ಯೂರನ್ 1781ರಲ್ಲಿ ಈ ಪಡೆ ಕಟ್ಟಿದ್ದು ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ. ಮೊದಲು ಆಫ್ರಿಕಾದ ಕೇಪ್, ಆಮೇಲೆ ಸಿಲೋನ್, ಅಂದರೆ ಈಗಿನ ಶ್ರೀಲಂಕಾ. 1795ರಲ್ಲಿ ಬ್ರಿಟಿಷರು ಸಿಲೋನಿನ ಮೇಲೆ ಏರಿ ಬಂದಾಗ ಇಡೀ ಪಡೆ ಅವರ ಕಡೆಗೇ ವಾಲಿತು. ಅದಾಗಿ ನಾಲ್ಕೇ ವರ್ಷಕ್ಕೆ ಅವರು ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದರು. 1806ರಲ್ಲಿ ಇಂಡಿಯಾ ಬಿಟ್ಟರು, ಆಮೇಲೆ ಕೆನಡಾದಲ್ಲಿ ಅಮೆರಿಕನ್ನರ ವಿರುದ್ಧವೂ ನಿಂತರು. 1816ಕ್ಕೆ ಪಡೆ ವಿಸರ್ಜನೆಯಾಯಿತು. ನೌಶಾಟೆಲ್‌ನ ಹುಡುಗ ಯಾರದೋ ಜಗಳಕ್ಕೆ ಬಂದು ಕಾವೇರಿ ದಂಡೆಯಲ್ಲಿ ಮಣ್ಣಾದ. ಇದಕ್ಕಿಂತ ವಿಚಿತ್ರ ನಿಮಗೆ ಇನ್ನೇನು ಬೇಕು? ಸ್ಮಶಾನ ಪಾಳು ಬಿದ್ದಿದ್ದಾಗ ದುರಸ್ತಿಗೆ ಮುಂದಾದವರಲ್ಲಿ ಡಿ ಮ್ಯೂರನ್ ವಂಶದವರೂ ಇದ್ದರು. ಅದನ್ನೂ ಸೇರಿಸಿ.

ಇನ್ನೊಂದು ಕಡೆ 'ಇಲ್ಲಿ ಮಲಗಿರುವವರೆಲ್ಲ ಟಿಪ್ಪುವಿನ ಕೊನೆಯ ಯುದ್ಧದಲ್ಲಿ ಸತ್ತವರು' ಎಂದಿದ್ದೀರಿ. ಕೋಟೆ ಬಿದ್ದದ್ದು 1799ರ ಮೇ 4ರಂದು. ಕಲ್ಲುಗಳ ಮೇಲಿನ ಇಸವಿ ನೋಡಲಿಲ್ಲವೇ? 1800ರ ನಂತರದವು ಬೇಕಾದಷ್ಟಿವೆ. ಹೆಂಗಸರಿದ್ದಾರೆ, ಮಕ್ಕಳಿದ್ದಾರೆ. ಯುದ್ಧ ಮುಗಿದ ಮೇಲೂ ಇಷ್ಟು ಜನ ಯಾಕೆ ಸತ್ತರು ಎಂಬ ಪ್ರಶ್ನೆ ಅಲ್ಲೇ ಏಳಬೇಕಿತ್ತು. ಸುತ್ತ ಹೊಳೆ, ನಿಂತ ನೀರು, ಚಳಿಜ್ವರ. ಆಗ ಸೊಳ್ಳೆಯ ಮೇಲೆ ಯಾರಿಗೂ ಅನುಮಾನವಿರಲಿಲ್ಲ, ಗಾಳಿ ಕೆಟ್ಟದ್ದು ಎಂದುಕೊಂಡಿದ್ದರು. ಸೈನ್ಯ ಇಲ್ಲಿಂದ ಎದ್ದು 1809ರಲ್ಲಿ ಬೆಂಗಳೂರಿನಲ್ಲಿ ದಂಡು ಪ್ರದೇಶ ಹುಟ್ಟಿದ್ದಕ್ಕೆ ಈ ಜ್ವರವೂ ಒಂದು ಕಾರಣ. ನಿಮ್ಮ ವಿಳಾಸ ಬೆಂಗಳೂರಿನದು ಅಲ್ವಾ? ಹಾಗಾದರೆ ಈ ಗೋರಿಗಳು ನಿಮಗೆ ಅಷ್ಟೇನೂ ದೂರದವಲ್ಲ.

ಶ್ರೀರಂಗಪಟ್ಟಣದ ಸ್ಕಾಟ್ ಬಂಗಲೆಯ, ಅಂದರೆ ಬ್ರಿಟಿಷ್ ಅಧಿಕಾರಿ ಕರ್ನಲ್ ಸ್ಕಾಟ್ ಇದ್ದ ಮನೆಯ, ದೆವ್ವಕ್ಕೆ ಒಂದೂವರೆ ಪುಟ ಕೊಟ್ಟಿದ್ದೀರಿ. ಕರ್ನಲ್ ಮನೆಗೆ ಬಂದಾಗ ಹೆಂಡತಿ ಮಕ್ಕಳು ಕಾಲರಾಕ್ಕೆ ಬಲಿಯಾಗಿದ್ದರು, ಅವನು ಹೊಳೆಗೆ ಹಾರಿದ ಎನ್ನುವ ಕಥೆ. ಕಥೆ ಎಲ್ಲರಿಗೂ ಗೊತ್ತು. ದಾಖಲೆ ಹೇಳುವುದೇ ಬೇರೆ. ಅವನ ಹೆಂಡತಿ ಕ್ಯಾರೊಲಿನ್ ಇಸಬೆಲ್ಲಾ ತೀರಿಕೊಂಡದ್ದು 1817ರಲ್ಲಿ, ಹೆರಿಗೆಯಲ್ಲಿ. ಅವನು ಹೊಳೆಗೂ ಹಾರಲಿಲ್ಲ, ಕೆಲಸ ಬಿಟ್ಟು ಇಂಗ್ಲೆಂಡಿಗೆ ವಾಪಸ್ ಹೋದ. ಆಕೆಯ ಸಮಾಧಿ ಇರುವುದು ನೀವು ಓಡಾಡಿದ ಅದೇ ಸ್ಮಶಾನದಲ್ಲಿ! ಬಂಗಲೆಯಲ್ಲಿ ದೆವ್ವ ಹುಡುಕುವ ಬದಲು ಆ ಸಮಾಧಿ ಹುಡುಕಿ. ದಂತಕಥೆ ಬರೆಯಬೇಡಿ ಅಂತಲ್ಲ, ಅದನ್ನು ನಾಲ್ಕು ಸಾಲಿನಲ್ಲಿ ಮುಗಿಸಿ, ಪಕ್ಕದಲ್ಲಿ ಈಕೆಯನ್ನು ತನ್ನಿ.

ಚೂಪು ತುದಿಯ ಗೋರಿಗಳನ್ನು ಕಂಡು ರಹಸ್ಯ ಸಂಘಗಳನ್ನು ಎಳೆದು ತಂದದ್ದು ಬೇಡವೇ ಬೇಡ. ಆ ಕಾಲದಲ್ಲಿ ಇಲ್ಲಿದ್ದ ಯುರೋಪಿನವರಿಗೆ ಅದೊಂದು ಫ್ಯಾಷನ್. ಕೋಲ್ಕತ್ತದ ಪಾರ್ಕ್ ಸ್ಟ್ರೀಟ್ ಸ್ಮಶಾನದ ತುಂಬ ಅಂಥವೇ ಇವೆ.

ಫೋಟೋಗಳ ವಿಷಯ. ಹೆಚ್ಚಿನವುಗಳಲ್ಲಿ ನೀವೇ ಇದ್ದೀರಿ, ಕಲ್ಲು ನಿಮ್ಮ ಹಿಂದೆ ಮರೆಯಾಗಿದೆ. ಇನ್ನೊಮ್ಮೆ ಹೋಗಿ. ಬೆಳಿಗ್ಗೆ ಹೋದರೆ ಓರೆ ಬಿಸಿಲಿನಲ್ಲಿ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಓದಲು ಬರಲಿಲ್ಲವೆಂದು ಸೀಮೆಸುಣ್ಣ ಉಜ್ಜಬೇಡಿ, ನೀರು ಸುರಿದು ತಿಕ್ಕಬೇಡಿ, ಕಲ್ಲು ಹಾಳಾಗುತ್ತದೆ. ಹೆಸರು, ಇಸವಿ, ವಯಸ್ಸು ಇದ್ದ ಹಾಗೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಅಳಿಸಿಹೋದ ಅಕ್ಷರಕ್ಕೆ ಚುಕ್ಕಿ ಹಾಕಿ, ಊಹಿಸಿ ತುಂಬಬೇಡಿ.

ಎಲ್ಲ ಗೋರಿಗಳನ್ನೂ ತರಲು ಹೋಗಬೇಡಿ, ಅಲ್ಲಿ ಮುನ್ನೂರರಷ್ಟಿವೆ. ಒಬ್ಬ ಸ್ವಿಸ್ ಸಿಪಾಯಿ, ಸ್ಕಾಟನ ಹೆಂಡತಿ, ನಿಮಗೆ ಅರ್ಥವೇ ಆಗದ ಒಂದು ಕಲ್ಲು, ಇಷ್ಟು ಸಾಕು. ಎಂಟುನೂರು ಪದ ದಾಟದ ಹಾಗೆ ಬರೆದು ಕಳಿಸಿ. ಮುಂದಿನ ತಿಂಗಳ ಕೊನೆಯೊಳಗೆ ಬಂದರೆ ಆದಷ್ಟು ಬೇಗ ಓದಿ ತಿಳಿಸುತ್ತೇನೆ.

ಇಂತಿ,
ಸಂಪಾದಕ